ಓವರ್ ಕೊಡುವ ಮೊದಲೇ ಕೇಸ್ ಶೀಟ್ ಮುಗಿದಿರಲಿ: ವಾರ್ಡ್ ಪಾಳಿಯಲ್ಲಿ ನೋಟ್ಸ್ ಇಡುವ ಕ್ರಮ

ಮಧ್ಯಾಹ್ನ ಒಂದೂವರೆ. ಮೆಡಿಕಲ್ ವಾರ್ಡಿನ ಮೇಜಿನ ಮೇಲೆ ರೋಗಿಗಳ ದಾಖಲೆಯ ಇಪ್ಪತ್ತೆಂಟು ಕೇಸ್ ಶೀಟ್‌ಗಳ ಗುಡ್ಡೆ. ಎರಡಕ್ಕೆ ಮುಂದಿನ ಪಾಳಿಯವರು ಬರುತ್ತಾರೆ, ಅವರಿಗೆ ರೋಗಿಗಳನ್ನು ಒಪ್ಪಿಸಬೇಕು; ಇದನ್ನೇ ನಾವು ಓವರ್ ಕೊಡುವುದು ಎನ್ನುತ್ತೇವೆ. ಅಷ್ಟರೊಳಗೆ ಡ್ಯೂಟಿಯ ನರ್ಸ್ ಬೆಳಿಗ್ಗೆ ಎಂಟರಿಂದ ಆದದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆಯಬೇಕು. ಐದನೇ ಬೆಡ್ಡಿನ ಅಜ್ಜಿಗೆ ಪ್ಯಾರಸಿಟಮಾಲ್ ಹಾಕಿದ್ದು ಹತ್ತಕ್ಕೋ ಹನ್ನೊಂದಕ್ಕೋ? ಹದಿನಾರರ ಯೂರಿನ್ ಬ್ಯಾಗ್ ಖಾಲಿ ಮಾಡಿದಾಗ ಎಷ್ಟಿತ್ತು? ನೆನಪಾಗುವುದಿಲ್ಲ. ಕೊನೆಗೆ ‘ವೈಟಲ್ಸ್ ಸ್ಟೇಬಲ್, ಆರ್ಡರ್ಸ್ ಕ್ಯಾರಿಡ್ ಔಟ್’ (ನಾಡಿ, ಉಸಿರು, ಬಿ.ಪಿ. ಸರಿಯಿದೆ, ಡಾಕ್ಟರ್ ಹೇಳಿದ್ದೆಲ್ಲ ಮಾಡಿಯಾಯಿತು) ಎಂಬ ಒಂದೇ ಸಾಲು ಇಪ್ಪತ್ತೆಂಟು ಹಾಳೆಗಳಿಗೂ ಇಳಿಯುತ್ತದೆ.

ಇದಕ್ಕೆ ಸೋಮಾರಿತನ ಕಾರಣವೆಂದು ಯಾರಾದರೂ ಅಂದರೆ ಅವರು ವಾರ್ಡಿನಲ್ಲಿ ಒಂದು ಬೆಳಗಿನ ಡ್ಯೂಟಿ ಮಾಡಿಲ್ಲ. ರೌಂಡ್ಸ್, ಇಂಡೆಂಟ್, ಅಡ್ಮಿಷನ್, ಡಿಸ್ಚಾರ್ಜ್, ಆಯುಷ್ಮಾನ್ ಕಾರ್ಡಿನ ಕಾಗದಗಳು, ನಡುವೆ ಜೊತೆಯವರ ಪ್ರಶ್ನೆಗಳು: ಕೈ ಬಿಡುವಾಗುವುದೇ ಇಲ್ಲ. ಹಾಗಾಗಿ ‘ಬಿಡುವಾದಾಗ ಬರೆಯುತ್ತೇನೆ’ ಎಂಬ ಲೆಕ್ಕವೇ ತಪ್ಪು. ಮಾಡಿದ ಜಾಗದಲ್ಲೇ ಎರಡು ಅಂಕಿ ಗುರುತು ಹಾಕಿಕೊಂಡು, ಗಂಟೆಗೊಮ್ಮೆ ಅದನ್ನು ಕೇಸ್ ಶೀಟಿಗೆ ಇಳಿಸುವ ಕ್ರಮವೊಂದೇ ನಡೆಯುವಂಥದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಜನರಲ್ ವಾರ್ಡುಗಳಲ್ಲಿ, ಅಂದರೆ ಕಾಗದದ ಕೇಸ್ ಶೀಟ್ ಇರುವ, ಸಿಬ್ಬಂದಿ ಕಡಿಮೆ ಇರುವ ಕಡೆ ಆಗುವ ಹಾಗೆ ಆ ಕ್ರಮವನ್ನು ಇಲ್ಲಿ ಬಿಡಿಸಿಟ್ಟಿದ್ದೇವೆ. ನಿಮ್ಮ ಆಸ್ಪತ್ರೆಯ ಲಿಖಿತ ನಿಯಮ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಮೊದಲು ಜೇಬಿನ ಹಾಳೆ ಮಾಡಿಕೊಳ್ಳಿ

ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಮೇಲೆ ಎರಡು ಸೆಂಟಿಮೀಟರ್ ತಲೆಬರಹಕ್ಕೆ ಬಿಟ್ಟು, ಉಳಿದದ್ದರಲ್ಲಿ ಎರಡೆರಡು ಸೆಂಟಿಮೀಟರಿನ ಒಂಬತ್ತು ಸಾಲು ಎಳೆಯಿರಿ. ಒಬ್ಬ ರೋಗಿಗೆ ಒಂದು ಸಾಲು. ಎರಡು ಹಾಳೆಯ ಎರಡೂ ಬದಿಗೆ ಮೂವತ್ತಾರು ರೋಗಿಗಳು ಹಿಡಿಸುತ್ತಾರೆ. ಒಮ್ಮೆ ನೀಟಾಗಿ ಗೆರೆ ಹಾಕಿ ಜೆರಾಕ್ಸ್ ಮಾಡಿಸಿಕೊಂಡರೆ ತಿಂಗಳಿಗಾಗುತ್ತದೆ. ನಾಲ್ಕಾಗಿ ಮಡಚಿದರೆ ಏಪ್ರನ್ ಜೇಬಿಗೆ ಸರಿಯಾಗಿ ಕೂರುತ್ತದೆ.

ಕಾಲಂಗಳು ಏಳು ಸಾಕು. ಒಂದನೆಯದರಲ್ಲಿ ಬೆಡ್ ನಂಬರು, ಹೆಸರು, ಐ.ಪಿ. (ಒಳರೋಗಿ) ನಂಬರಿನ ಕೊನೆಯ ನಾಲ್ಕು ಅಂಕಿ. ಎರಡರಲ್ಲಿ ಕಾಯಿಲೆ ಮತ್ತು ಎಷ್ಟನೇ ದಿನ. ಮೂರರಲ್ಲಿ ಎಚ್ಚರಿಕೆ: ಅಲರ್ಜಿ, ಸಕ್ಕರೆ, ಬೀಳುವ ಭಯ, ಬಾಯಿಗೆ ಏನೂ ಕೊಡಬಾರದು ಎಂಬಂಥವು. ನಾಲ್ಕರಲ್ಲಿ ಡ್ರಿಪ್ ಮತ್ತು ಟ್ಯೂಬುಗಳು. ಐದರಲ್ಲಿ ಗಂಟೆ ಪ್ರಕಾರ ಮಾಡಬೇಕಾದ ಕೆಲಸ. ಆರರಲ್ಲಿ ವೈಟಲ್ಸ್. ಏಳನೆಯದನ್ನು ಖಾಲಿ ಬಿಡಿ. ಪಾಳಿಯಲ್ಲಿ ಹೊಸದಾಗಿ ಆದದ್ದು, ಓವರ್‌ನಲ್ಲಿ ಹೇಳಲೇಬೇಕಾದದ್ದು ಅಲ್ಲಿಗೆ ಹೋಗುತ್ತದೆ.

ಬೆಡ್ ನಂಬರ್ ಒಂದನ್ನೇ ನಂಬಿಕೊಳ್ಳಬೇಡಿ. ಡೆಂಗಿ ದಿನಗಳಲ್ಲಿ ನೆಲದ ಮೇಲೆ ಹಾಸಿಗೆ ಬೀಳುತ್ತದೆ, ಕಿಟಕಿ ಪಕ್ಕದವರು ಫ್ಯಾನಿನ ಕೆಳಗೆ ಬರುತ್ತಾರೆ, ನಂಬರು ಅಲ್ಲೇ ಉಳಿದು ರೋಗಿ ಬದಲಾಗಿರುತ್ತಾರೆ. ಬರೀ ಹೆಸರೂ ಸಾಲದು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಮುನಿಯಮ್ಮ, ಮೂವರು ನಾರಾಯಣಪ್ಪ ಇರುವುದು ಮಾಮೂಲಿ. ಒಂದೇ ಹೆಸರಿನವರಿದ್ದರೆ ಎರಡೂ ಸಾಲಿಗೆ ಕೆಂಪು ಸುತ್ತು ಹಾಕಿ, ಗಂಡನ ಅಥವಾ ತಂದೆಯ ಹೆಸರು ಮತ್ತು ಊರು ಸೇರಿಸಿ. ಸಾಧ್ಯವಾದರೆ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ಇಬ್ಬರನ್ನೂ ದೂರದ ಬೆಡ್ಡುಗಳಿಗೆ ಹಾಕಿಸಿ. ಔಷಧ ಕೊಡುವಾಗ ‘ನೀವು ಮುನಿಯಮ್ಮ ತಾನೆ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಹೂಂಗುಟ್ಟುತ್ತಾರೆ. ‘ನಿಮ್ಮ ಹೆಸರೇನು, ಯಾವೂರು?’ ಎಂದು ಕೇಳಿ, ಉತ್ತರ ಅವರ ಬಾಯಿಂದ ಬರಲಿ.

ಇನ್ನು ಗುರುತು ಹಾಕುವ ರೀತಿ. ಮಾಡಬೇಕಾದ ಕೆಲಸದ ಮುಂದೆ ಖಾಲಿ ಚೌಕ. ಕೆಲಸ ಮುಗಿದ ಕೂಡಲೇ ಚೌಕದಲ್ಲಿ ಒಂದು ಓರೆಗೆರೆ, ಪಕ್ಕದಲ್ಲಿ ಸಮಯ. ಅದನ್ನು ಕೇಸ್ ಶೀಟಿಗೆ ಇಳಿಸಿದ ಮೇಲೆ ಎರಡನೇ ಓರೆಗೆರೆ ಹಾಕಿ ಇಂಟು ಮಾಡಿ. ಹೀಗಾದರೆ ಒಂಟಿ ಗೆರೆಯ ಚೌಕಗಳೆಲ್ಲ ‘ಮಾಡಿದ್ದೇನೆ, ಬರೆದಿಲ್ಲ’ ಎಂದು ಕಣ್ಣಿಗೆ ಹೊಡೆಯುತ್ತವೆ. ಈ ಇಡೀ ಕ್ರಮದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾವು ಇದನ್ನೇ ಉಳಿಸಿಕೊಳ್ಳುತ್ತೇವೆ. ಸಾಮಾನ್ಯವಾಗಿ ಹಾಕುವ ಒಂದೇ ಟಿಕ್ ಗುರುತು, ಕೆಲಸ ಆಯಿತೋ ಬರಹ ಆಯಿತೋ ಎಂದು ಹೇಳುವುದಿಲ್ಲ. ತಪ್ಪಿ ಹೋಗುವುದು ಹೆಚ್ಚಾಗಿ ಅಲ್ಲೇ.

ಗಡಿಯಾರವೂ ಒಂದೇ ಇರಲಿ. ವಾರ್ಡಿನ ಗೋಡೆ ಗಡಿಯಾರ ಏಳು ನಿಮಿಷ ಹಿಂದೆ, ನಿಮ್ಮ ವಾಚು ಮೂರು ನಿಮಿಷ ಮುಂದೆ ಇದ್ದರೆ, ಹತ್ತು ನಿಮಿಷದೊಳಗೆ ನಡೆದ ಘಟನೆಗಳು ಹಾಳೆಯ ಮೇಲೆ ಹಿಂದುಮುಂದಾಗುತ್ತವೆ. ಪಾಳಿಯ ಆರಂಭದಲ್ಲಿ ವಾಚನ್ನು ಫೋನಿನ ಸಮಯಕ್ಕೆ ಹೊಂದಿಸಿ. ಬರೆಯುವುದು 24 ಗಂಟೆಯ ಲೆಕ್ಕದಲ್ಲಿ: ಸಂಜೆ ಎಂಟು ಅಂದರೆ 20.00.

ಓವರ್ ತೆಗೆದುಕೊಳ್ಳುವುದು ಬೆಡ್ಡಿನ ಪಕ್ಕದಲ್ಲಿ

ಮೇಜಿನ ಬಳಿ ನಿಂತು ಕೇಳಿಸಿಕೊಂಡ ಓವರ್ ಅರ್ಧ ಓವರ್. ಹಿಂದಿನ ಪಾಳಿಯವರ ಜೊತೆ ಬೆಡ್ಡಿಂದ ಬೆಡ್ಡಿಗೆ ಹೋಗಿ, ಅವರು ಹೇಳಿದ್ದನ್ನು ಕಣ್ಣಿಂದ ನೋಡಿ. ರೋಗಿ ಎಚ್ಚರವಾಗಿದ್ದಾರಾ, ಮಾತಾಡುತ್ತಾರಾ? ಡ್ರಿಪ್‌ಗಾಗಿ ರಕ್ತನಾಳಕ್ಕೆ ಕೂರಿಸಿದ ಕ್ಯಾನುಲಾ ಜಾಗ ಕೆಂಪಾಗಿದೆಯಾ, ಊದಿದೆಯಾ, ಹಾಕಿದ ದಿನಾಂಕ ಬರೆದಿದ್ದಾರಾ? ಬಾಟಲಿಯಲ್ಲಿ ಎಷ್ಟು ಉಳಿದಿದೆ? ಆಕ್ಸಿಜನ್ ಎಷ್ಟು ಲೀಟರಿನಲ್ಲಿದೆ? ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ, ಯಾವ ಬಣ್ಣ?

ಉಳಿದ ಡ್ರಿಪ್ಪಿನ ಮಿ.ಲೀ. ಬರೆದುಕೊಳ್ಳುವುದನ್ನು ಮರೆಯಬೇಡಿ. ‘ಎನ್.ಎಸ್. (ಉಪ್ಪುನೀರಿನ ಡ್ರಿಪ್) ಓಡ್ತಿದೆ’ ಎಂದು ಓವರ್ ಬಂದು, ಬಾಟಲಿಯಲ್ಲಿ 450 ಉಳಿದಿದ್ದರೆ ಅದು ಓಡುತ್ತಿಲ್ಲ, ನಿಂತಿದೆ. 500 ಮಿ.ಲೀ. ಎಂಟು ಗಂಟೆಯಲ್ಲಿ ಹೋಗಬೇಕೆಂದಿದ್ದರೆ ಗಂಟೆಗೆ ಸುಮಾರು 62 ಮಿ.ಲೀ. ಮಿ.ಲೀ.ಗೆ 20 ಹನಿಯ ಡ್ರಿಪ್ ಸೆಟ್ಟಿನಲ್ಲಿ ಅದು ನಿಮಿಷಕ್ಕೆ 21 ಹನಿ. ಅದೇ ಬಾಟಲಿ ನಾಲ್ಕು ಗಂಟೆಗಾದರೆ 42 ಹನಿ. ಹನಿಯ ಲೆಕ್ಕ ಸೆಟ್ಟಿನ ಕವರಿನ ಮೇಲೇ ಅಚ್ಚಾಗಿರುತ್ತದೆ, ಮೈಕ್ರೊ ಸೆಟ್ಟಾದರೆ 60. ಬಾಟಲಿಗೆ ಉದ್ದ ಪ್ಲಾಸ್ಟರ್ ಅಂಟಿಸಿ ಶುರುವಾದ ಸಮಯ, ಪ್ರತಿ ಎರಡು ಗಂಟೆಗೆ ಎಲ್ಲಿಗೆ ಇಳಿದಿರಬೇಕು ಎಂಬ ಗೆರೆ ಹಾಕಿದರೆ ಹಾದುಹೋಗುವಾಗಲೇ ಗೊತ್ತಾಗುತ್ತದೆ. ಬಾಟಲಿಗೆ ಏನಾದರೂ ಸೇರಿಸಿದ್ದರೆ ಹೆಸರು, ಪ್ರಮಾಣ, ಸೇರಿಸಿದವರ ಸಹಿ ಆ ಪ್ಲಾಸ್ಟರಿನ ಮೇಲೇ ಇರಬೇಕು. ಪೊಟ್ಯಾಸಿಯಂ ಕ್ಲೋರೈಡ್ ಆದರಂತೂ ತಪ್ಪದೆ: ನಮ್ಮಲ್ಲಿ ಸಿಗುವ 10 ಮಿ.ಲೀ. ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಯಾರೋ ಸೇರಿಸಿದ್ದು ತಿಳಿಯದೆ ಇನ್ನೊಬ್ಬರು ಮತ್ತೆ ಸೇರಿಸಿದರೆ ಹೃದಯ ತಡೆಯುವುದಿಲ್ಲ.

ಸುತ್ತು ಮುಗಿದ ಮೇಲೆ ಐದು ನಿಮಿಷ ಕೂತು ಐದನೇ ಕಾಲಂ ತುಂಬಿಸಿ. ಡ್ರಗ್ ಚಾರ್ಟ್ ನೋಡಿ 10, 12, 14 ಗಂಟೆಯ ಡೋಸುಗಳು, ಊಟಕ್ಕೆ ಮುಂಚಿನ ಸಕ್ಕರೆ ಪರೀಕ್ಷೆ, ಡ್ರೆಸ್ಸಿಂಗ್, ಲ್ಯಾಬಿಗೆ ಕಳಿಸಬೇಕಾದ ರಕ್ತ. ಆ ಐದು ನಿಮಿಷ ದಂಡವಾಯಿತೆಂದು ಅನಿಸಬಹುದು, ಆದರೆ ಕೊನೆಯ ಅರ್ಧ ಗಂಟೆಯ ಪರದಾಟ ಅದರಿಂದಲೇ ತಪ್ಪುತ್ತದೆ.

ಅಂಕಿಗಳು

ಹಳೇ ಟಿ.ಪಿ.ಆರ್. (ಜ್ವರ, ನಾಡಿ, ಉಸಿರಾಟ) ಚಾರ್ಟುಗಳನ್ನು ತಿರುವಿ ಹಾಕಿದರೆ ಒಂದು ಸಂಗತಿ ಕಾಣುತ್ತದೆ: ಉಸಿರಾಟ ಎಲ್ಲರದೂ 20. ನ್ಯುಮೋನಿಯಾದವರದೂ 20, ನಾಳೆ ಡಿಸ್ಚಾರ್ಜ್ ಆಗುವವರದೂ 20. ಯಾರೂ ಎಣಿಸಿಲ್ಲ. ರೋಗಿ ಕೆಡುತ್ತಿದ್ದಾರೆ ಎನ್ನುವುದನ್ನು ಬಿ.ಪಿ.ಗಿಂತ ಮೊದಲು ತೋರಿಸುವುದು ಅನೇಕ ಸಲ ಉಸಿರಾಟವೇ. ನಾಡಿ ಎಣಿಸಿ ಮುಗಿದ ಮೇಲೆ ಕೈ ಬಿಡದೆ, ನಾಡಿ ನೋಡುವವರಂತೆಯೇ ಇದ್ದು ಇನ್ನೊಂದು ನಿಮಿಷ ಎದೆಯ ಏರಿಳಿತ ಎಣಿಸಿ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ರೋಗಿಯ ಉಸಿರಿನ ಗತಿಯೇ ಬದಲಾಗುತ್ತದೆ. ಎಲ್ಲರಿಗೂ ಪೂರ್ತಿ ನಿಮಿಷ ಎಣಿಸಲು ಆಗದಿದ್ದರೆ ಜ್ವರ, ಉಬ್ಬಸ, ವಿಷ ಸೇವನೆ, ಆಪರೇಷನ್ ಆದವರಿಗಾದರೂ ಎಣಿಸಿ. ಎಣಿಸದಿದ್ದರೆ ಬರೆಯಬೇಡಿ. ಖಾಲಿ ಮನೆ ಸುಳ್ಳು ಹೇಳುವುದಿಲ್ಲ.

ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್‌ನ ಶೇಕಡಾ ಪ್ರಮಾಣ) ಬರೆಯುವಾಗ 94 ಎಂದು ಬಿಟ್ಟರೆ ಅರ್ಥವಿಲ್ಲ. ರೂಮ್ ಏರ್‌ನಲ್ಲಿ (ಆಕ್ಸಿಜನ್ ಹಾಕದೆ) 94 ಬೇರೆ, 6 ಲೀಟರ್ ಮಾಸ್ಕಿನಲ್ಲಿ 94 ಬೇರೆ. ನೇಲ್ ಪಾಲಿಶ್, ಗಾಢ ಮೆಹೆಂದಿ, ತಣ್ಣಗಾದ ಬೆರಳು ಇದ್ದರೆ ರೀಡಿಂಗ್ ಕೈಕೊಡಬಹುದು. ಬೇರೆ ಬೆರಳು ಅಥವಾ ಕಿವಿಯ ತುದಿಗೆ ಹಾಕಿ ನೋಡಿ. ನೋವಿಗೆ 0ಯಿಂದ 10ರ ಅಂಕ ಕೇಳಿದಾಗ ಹಳ್ಳಿಯವರು ತಬ್ಬಿಬ್ಬಾದರೆ ‘ರೂಪಾಯಿಗೆ ಎಷ್ಟಾಣೆ ನೋವಿದೆ?’ ಎಂದು ಕೇಳಿ. ವಯಸ್ಸಾದವರು ಥಟ್ಟನೆ ‘ಹನ್ನೆರಡಾಣೆ’ ಅನ್ನುತ್ತಾರೆ. ಅವರು ಹೇಳಿದ್ದನ್ನು ಹಾಗೇ ಬರೆದು, ಪಕ್ಕದಲ್ಲಿ ನಿಮ್ಮ ಅಂದಾಜಿನ ಅಂಕ ಹಾಕಿ.

ಔಷಧದ ಸಹಿ ಕೊಟ್ಟ ಮೇಲೆ, ಕೊಡುವ ಮೊದಲಲ್ಲ. ಟ್ರೇ ಸಿದ್ಧ ಮಾಡುವಾಗಲೇ ಇಪ್ಪತ್ತು ಜನರ ಚಾರ್ಟಿಗೆ ಸಹಿ ಹಾಕುವ ಅಭ್ಯಾಸ ಅಪಾಯದ್ದು. ನಡುವೆ ಒಬ್ಬರು ಸ್ಕ್ಯಾನಿಂಗ್‌ಗೆ ಹೋಗಿರುತ್ತಾರೆ, ಇನ್ನೊಬ್ಬರ ಕ್ಯಾನುಲಾ ಬ್ಲಾಕ್ ಆಗಿರುತ್ತದೆ, ಚಾರ್ಟ್ ಮಾತ್ರ ‘ಕೊಟ್ಟಾಗಿದೆ’ ಎನ್ನುತ್ತದೆ. ಕೊಡದೇ ಇದ್ದುದಕ್ಕೆ ಆ ಮನೆಯಲ್ಲಿ ಸುತ್ತು ಹಾಕಿ, ಕಾರಣ ಮತ್ತು ಯಾರಿಗೆ ತಿಳಿಸಿದಿರಿ ಎಂಬುದನ್ನು ಬರೆಯಿರಿ: ‘ಸ್ಟಾಕ್ ಇಲ್ಲ, 10.20ಕ್ಕೆ ಡ್ಯೂಟಿ ಡಾಕ್ಟರಿಗೆ ಹೇಳಿದೆ’. ಅಗತ್ಯವಿದ್ದರೆ ಮಾತ್ರ ಎಂದು ಬರೆದ ಔಷಧಗಳಲ್ಲಿ ಮೋಸ ಜಾಸ್ತಿ. 13.00ಕ್ಕೆ ಕೊಟ್ಟ ಒಂದು ಗ್ರಾಂ ಪ್ಯಾರಸಿಟಮಾಲ್ ಇನ್‌ಫ್ಯೂಷನ್ ಚಾರ್ಟಿಗೆ ಏರದಿದ್ದರೆ, ಮಧ್ಯಾಹ್ನದವರು 15.00ಕ್ಕೆ ಜ್ವರ ನೋಡಿ ಇನ್ನೊಂದು ಹಾಕುತ್ತಾರೆ. ದೊಡ್ಡವರಲ್ಲೂ ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ಒಟ್ಟು ನಾಲ್ಕು ಗ್ರಾಂ ಮಿತಿ.

ಅಂಕಿ ಬರೆಯುವ ರೀತಿಯೂ ಮುಖ್ಯ. ಅರ್ಧ ಮಿ.ಗ್ರಾಂ ಅನ್ನು ‘0.5’ ಎಂದೇ ಬರೆಯಿರಿ. ಮುಂದಿನ ಸೊನ್ನೆ ಬಿಟ್ಟರೆ ಚುಕ್ಕೆ ಕಾಣದೆ ಐದಾಗುತ್ತದೆ. ಐದನ್ನು ‘5.0’ ಎಂದು ಬರೆಯಬೇಡಿ, ಐವತ್ತಾಗುತ್ತದೆ. ಇನ್ಸುಲಿನ್ ಪಕ್ಕ ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ‘U’ ಒಂದಕ್ಷರ ಹಾಕಿದರೆ ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು 6 ಯೂನಿಟ್ ಇದ್ದದ್ದು 60 ಆಗುತ್ತದೆ.

ಲೋಟದ ಲೆಕ್ಕ

ಇನ್‌ಟೇಕ್–ಔಟ್‌ಪುಟ್ (ದೇಹಕ್ಕೆ ಹೋದ, ಹೊರಬಂದ ದ್ರವದ) ಚಾರ್ಟಿನಷ್ಟು ಕಾಟಾಚಾರಕ್ಕೆ ತುಂಬಿಸುವ ಕಾಗದ ಇನ್ನೊಂದಿಲ್ಲ. ಕಾರಣ ಸರಳ: ಕುಡಿಸುವವರು ಜೊತೆಯವರು, ಬರೆಯುವವರು ನಾವು. ‘ಎಷ್ಟು ಕುಡಿದ್ರು?’ ಎಂದರೆ ‘ಒಂದೆರಡು ಲೋಟ’ ಎನ್ನುತ್ತಾರೆ. ಲೋಟ ಎಂದರೆ ಎಷ್ಟು? ಮನೆಯಿಂದ ತಂದ ಸ್ಟೀಲ್ ಲೋಟಕ್ಕೆ 50 ಮಿ.ಲೀ. ಸಿರಿಂಜಿನಿಂದ ನೀರು ಹಾಕಿ ಒಮ್ಮೆ ಅಳೆಯಿರಿ. ಕೆಲವು 150 ಹಿಡಿಯುತ್ತವೆ, ಕೆಲವು 250. ಅಳತೆಯನ್ನು ಪ್ಲಾಸ್ಟರಿನ ಮೇಲೆ ಬರೆದು ಲೋಟಕ್ಕೇ ಅಂಟಿಸಿ. ಅರ್ಧ ಹಾಳೆಯ ಮೇಲೆ ಒಂದು ಲೋಟದ ಚಿತ್ರ, ಒಂದು ಮೂತ್ರದ ಪಾತ್ರೆಯ ಚಿತ್ರ ಬರೆದು ಪೆನ್ಸಿಲ್ ಜೊತೆ ಜೊತೆಯವರ ಕೈಗೆ ಕೊಡಿ: ಕುಡಿದಾಗಲೆಲ್ಲ ಒಂದು ಗೆರೆ. ಓದು ಬಾರದವರೂ ಇದನ್ನು ಚೆನ್ನಾಗಿ ಮಾಡುತ್ತಾರೆ. ರಾಗಿ ಗಂಜಿ, ಮಜ್ಜಿಗೆ, ಎಳನೀರು, ಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತದೆ ಎಂದು ಮೊದಲೇ ಹೇಳಿ. ‘ನೀರು’ ಎಂದು ಕೇಳಿದರೆ ನೀರನ್ನಷ್ಟೇ ಹೇಳುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆಯವರು ಕುಡಿದಿದ್ದರೆ ಅದನ್ನು ಬೇರೆಯಾಗಿ ಗುರುತಿಸಿ ಡಾಕ್ಟರಿಗೂ ತಿಳಿಸಿ.

ಯೂರಿನ್ ಬ್ಯಾಗಿನ ಮೇಲಿನ ಗೆರೆಗಳನ್ನು ನಂಬಬೇಡಿ. ಬ್ಯಾಗ್ ಓರೆಯಾದರೆ ನೂರು ಮಿ.ಲೀ. ಆಚೀಚೆ ಆಗುತ್ತದೆ. ಅಳತೆಯ ಜಗ್ಗಿಗೆ ಬಗ್ಗಿಸಿ ನೋಡಿ. ದೊಡ್ಡವರಲ್ಲಿ ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ.ಗಿಂತ ಕಡಿಮೆಯಾದರೆ ತಿಳಿಸಬೇಕು. ಅರವತ್ತು ಕೆ.ಜಿ. ತೂಕದವರಿಗೆ ಅದು ಗಂಟೆಗೆ 30, ಆರು ಗಂಟೆಯ ಪಾಳಿಗೆ 180. ಪಾಳಿಯ ಕೊನೆಗೆ 90 ಎಂದು ನೋಡಿ ಗಾಬರಿಯಾಗುವ ಬದಲು ಎರಡು ಗಂಟೆಗೊಮ್ಮೆ ನೋಡಿದರೆ ಹತ್ತಕ್ಕೇ ಗೊತ್ತಾಗುತ್ತದೆ. ಕ್ಯಾತಿಟರ್ ಟ್ಯೂಬ್ ರೋಗಿಯ ತೊಡೆಯ ಕೆಳಗೆ ಮಡಚಿಕೊಂಡಿಲ್ಲ ತಾನೆ ಎಂದು ಮೊದಲು ನೋಡಿ, ಆಮೇಲೆ ಫೋನ್ ಮಾಡಿ.

ರೋಗಿಯ ಮಾತು ರೋಗಿಯ ಮಾತಿನಲ್ಲೇ

ನಾವು ಬರೆಯುವುದು ಇಂಗ್ಲಿಷಿನಲ್ಲಿ. ರೋಗಿ ಮಾತಾಡುವುದು ಕನ್ನಡದಲ್ಲಿ, ಇಲ್ಲವೇ ತೆಲುಗಿನಲ್ಲಿ, ಉರ್ದುವಿನಲ್ಲಿ, ಕೆ.ಜಿ.ಎಫ್. ಕಡೆಯವರಾದರೆ ತಮಿಳಿನಲ್ಲಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದಿಂದ ಬರುವವರಲ್ಲಿ ತೆಲುಗೇ ಮನೆಮಾತಾದವರು ಬಹಳ. ಈ ದಾಟುವಿಕೆಯಲ್ಲಿ ಅರ್ಥ ಕಳೆದುಹೋಗುವ ಒಂದು ಜಾಗವನ್ನು ಹತ್ತಿರದಿಂದ ನೋಡಿ.

ಶ್ರೀನಿವಾಸಪುರದ ಕಡೆಯ ತಾಯಿಯೊಬ್ಬರು ‘ಆಯಾಸಂಗಾ ಉಂದಮ್ಮಾ’ ಎನ್ನುತ್ತಾರೆ ಎಂದುಕೊಳ್ಳಿ. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ಸಿಸ್ಟರ್‌ಗೆ ‘ಆಯಾಸ’ ಎಂದರೆ ದಣಿವು. ಅವರು ‘ಟೈರ್ಡ್‌ನೆಸ್’ ಎಂದು ಬರೆಯುತ್ತಾರೆ. ಆದರೆ ತೆಲುಗಿನವರ ಬಾಯಲ್ಲಿ ಆಯಾಸಂ ಎಂದರೆ ಹೆಚ್ಚಾಗಿ ಉಸಿರು ಕಟ್ಟುವುದು, ಏದುಸಿರು. ನಮ್ಮ ಕಡೆಯ ಕನ್ನಡದವರೂ ‘ಮೆಟ್ಲತ್ತಿದ್ರೆ ಆಯಾಸ ಬರುತ್ತೆ’ ಅನ್ನುವಾಗ ಎಷ್ಟೋ ಸಲ ಅದೇ ಅರ್ಥ. ದಣಿವು ಎಂದು ಬರೆದ ಹಾಳೆಯನ್ನು ಯಾರೂ ಅವಸರದಿಂದ ನೋಡುವುದಿಲ್ಲ. ಉಸಿರುಕಟ್ಟುತ್ತಿದೆ ಎಂದು ಬರೆದದ್ದನ್ನು ಓಡಿ ಬಂದು ನೋಡುತ್ತಾರೆ. ಹಾಗೆಯೇ ‘ಕಳ್ಳು ತಿರುಗುತುನ್ನಾಯಿ’ ಅಂದರೆ ತಲೆಸುತ್ತು, ಕಣ್ಣಿನ ತೊಂದರೆಯಲ್ಲ. ‘ತಿಮ್ಮಿರಿ’ ಅಂದರೆ ಜೋಮು. ‘ಗ್ಯಾಸು’ ಎಂಬ ಪದವನ್ನು ಎಲ್ಲ ಭಾಷೆಯವರೂ ಹೇಳುತ್ತಾರೆ. ಐವತ್ತು ದಾಟಿದವರು, ಸಕ್ಕರೆ ಇರುವವರು ಎದೆ ಮುಟ್ಟಿಕೊಂಡು ಗ್ಯಾಸು ಅಂದರೆ ಅದನ್ನು ‘ಗ್ಯಾಸ್ಟ್ರೈಟಿಸ್’ ಎಂದು ಬರೆಯುವುದು ನಮ್ಮ ಕೆಲಸವಲ್ಲ. ಎಲ್ಲಿ ಮುಟ್ಟಿ ತೋರಿಸಿದರು, ಬೆವರಿದೆಯಾ, ಎಷ್ಟು ಹೊತ್ತಿನಿಂದ ಎಂದು ಬರೆದು, ವೈಟಲ್ಸ್ ನೋಡಿ, ಇ.ಸಿ.ಜಿ.ಗಾಗಿ ಡಾಕ್ಟರನ್ನು ಕರೆಯಿರಿ.

ಹೀಗೆ ಮಾಡಿ: ರೋಗಿಯ ಪದವನ್ನು ಉದ್ಧರಣ ಚಿಹ್ನೆಯೊಳಗೆ ಅವರು ಹೇಳಿದ ಹಾಗೇ ಬರೆಯಿರಿ, ಕನ್ನಡ ಲಿಪಿಯಾದರೂ ಸರಿ. ಆಮೇಲೆ ‘ಮಲಗಿದರೆ ಜಾಸ್ತಿಯಾ, ಕೂತರೆ ಜಾಸ್ತಿಯಾ?’ ಎಂಬಂಥ ಒಂದು ಪ್ರಶ್ನೆ ಕೇಳಿ ಅರ್ಥ ಖಚಿತಪಡಿಸಿಕೊಂಡು ಇಂಗ್ಲಿಷ್ ಪದ ಹಾಕಿ. ಮಾತು ತಿಳಿಯದಿದ್ದರೆ ಗ್ರೂಪ್ ಡಿ ಸಿಬ್ಬಂದಿಯನ್ನೋ ಪಕ್ಕದ ವಾರ್ಡಿನವರನ್ನೋ ಕರೆದು, ‘ಇಂಥವರ ಮೂಲಕ ಕೇಳಿದ್ದು’ ಎಂದು ಸೇರಿಸಿ.

ಒಂದು ನೋಟ್ ಹೇಗಿರಬೇಕು

ಕಂಡದ್ದು, ಮಾಡಿದ್ದು, ತಿಳಿಸಿದ್ದು, ಆಮೇಲೆ ಆದದ್ದು. ನಾಲ್ಕೂ ಇರಬೇಕು. ನಾಲ್ಕನೆಯದೇ ಬಿಟ್ಟುಹೋಗುವುದು. ಅದಿಲ್ಲದಿದ್ದರೆ ಮುಂದಿನವರಿಗೆ ರೋಗಿ ಸುಧಾರಿಸಿದರೋ ಇಲ್ಲವೋ ಗೊತ್ತಾಗುವುದಿಲ್ಲ. ‘ಉಸಿರಾಟದ ತೊಂದರೆ, ಡಾಕ್ಟರಿಗೆ ತಿಳಿಸಲಾಯಿತು, ಆದೇಶ ಪಾಲಿಸಲಾಯಿತು’ ಎನ್ನುವ ನೋಟಿನಿಂದ ಯಾರೂ ಏನೂ ಮಾಡಲಾರರು. ಇದನ್ನು ನೋಡಿ:

‘10.40: ಎದ್ದು ಕೂತು ಉಸಿರಾಡುತ್ತಿದ್ದಾರೆ, “ಆಯಾಸಂಗಾ ಉಂದಿ” ಎನ್ನುತ್ತಾರೆ. ಉಸಿರು 32, ನಾಡಿ 118, ಬಿ.ಪಿ. 160/100, ಸ್ಯಾಚುರೇಷನ್ ರೂಮ್ ಏರ್‌ನಲ್ಲಿ 88. ತಲೆಭಾಗ ಎತ್ತಿಸಿ ಮಾಸ್ಕಿನಲ್ಲಿ 6 ಲೀಟರ್ ಆಕ್ಸಿಜನ್ ಹಾಕಿದೆ. 10.43: ಡ್ಯೂಟಿ ಡಾಕ್ಟರಿಗೆ ಫೋನ್. 10.50: ಬಂದು ನೋಡಿದರು. 10.55: ಆದೇಶದಂತೆ ಫ್ಯೂರೊಸಮೈಡ್ 40 ಮಿ.ಗ್ರಾಂ ಐ.ವಿ. 11.25: ಉಸಿರು 24, ಸ್ಯಾಚುರೇಷನ್ 6 ಲೀಟರಿನಲ್ಲಿ 95, ಮೂತ್ರ 350 ಮಿ.ಲೀ., ಒರಗಿ ಮಲಗಿದ್ದಾರೆ.’

ಬರೆಯಲು ಎರಡು ನಿಮಿಷ. ಜೇಬಿನ ಹಾಳೆಯಲ್ಲಿ ಸಮಯಗಳಿದ್ದರೆ ಅದೂ ಬೇಡ.

ಹಾವು ಕಡಿತದಲ್ಲಿ ಸಮಯದ ಬರಹವೇ ಅರ್ಧ ಚಿಕಿತ್ಸೆ. ಟೊಮೆಟೊ ತೋಟ, ಹಿಪ್ಪುನೇರಳೆ ತೋಟಗಳಲ್ಲಿ ಕೆಲಸ ಮಾಡುವವರಿರುವ ನಮ್ಮ ಜಿಲ್ಲೆಗಳಲ್ಲಿ ಮಳೆಗಾಲದ ರಾತ್ರಿ ಪಾಳಿಗೆ ಇದು ಹೊಸದಲ್ಲ. ಕಡಿದ ಸಮಯ, ಕಟ್ಟು ಕಟ್ಟಿದ್ದರೆ ಬಿಚ್ಚಿದ ಸಮಯ, ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಚರ್ಮದ ಮೇಲೇ ಸಮಯ. ಮುಂದಿನ ಗೆರೆ ಎಲ್ಲಿಗೆ ಹೋಯಿತು ಎಂಬುದು ಆಗ ಯಾರು ನೋಡಿದರೂ ತಿಳಿಯುತ್ತದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ, 20 ನಿಮಿಷ ಅಲುಗಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಫಲಿತಾಂಶ ನಂಬುವ ಹಾಗಿಲ್ಲ. ಇಟ್ಟ ಸಮಯವನ್ನು ಟ್ಯೂಬಿನ ಮೇಲೇ ಬರೆಯಿರಿ, ಇಲ್ಲದಿದ್ದರೆ ಬೇರೆ ರೋಗಿ ಬಂದಾಗ ಇಪ್ಪತ್ತು ನಲವತ್ತಾಗುತ್ತದೆ. ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಶುರುವಾದರೆ ಎಷ್ಟು ವಯಲ್, ಬ್ಯಾಚ್ ನಂಬರ್, ಶುರು ಮತ್ತು ಮುಗಿದ ಸಮಯ. ಮೊದಲ ಅರ್ಧ ಗಂಟೆ ಐದು ನಿಮಿಷಕ್ಕೊಮ್ಮೆ, ಆಮೇಲೆ ಎರಡು ಗಂಟೆ ಕಾಲ ಹದಿನೈದು ನಿಮಿಷಕ್ಕೊಮ್ಮೆ ವೈಟಲ್ಸ್. ತುರಿಕೆ, ದದ್ದು, ಚಳಿ, ಉಬ್ಬಸ ಕಂಡರೆ ಆ ನಿಮಿಷವೇ ಬರೆಯಿರಿ, ಅಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಕೈಗೆಟುಕುವಂತಿರಲಿ. ಮುಂದಿನ ಹೆಪ್ಪು ಪರೀಕ್ಷೆ ಆರು ಗಂಟೆಯ ನಂತರ. ಆ ಸಮಯವನ್ನು ಈಗಲೇ ಲೆಕ್ಕ ಹಾಕಿ ಏಳನೇ ಕಾಲಂಗೆ ಬರೆದಿಡಿ, ಅದು ಬಹುಪಾಲು ನಿಮ್ಮ ಪಾಳಿ ದಾಟಿ ಬೀಳುತ್ತದೆ.

ವಿಷ ಕುಡಿದವರು, ಅಪಘಾತ, ಹೊಡೆದಾಟ, ಸುಟ್ಟಗಾಯಗಳಂಥ ಎಂ.ಎಲ್.ಸಿ. (ಪೊಲೀಸು, ಕೋರ್ಟಿಗೆ ಹೋಗಬಹುದಾದ) ಕೇಸುಗಳಲ್ಲಿ ಅಭಿಪ್ರಾಯ ಬೇಡ. ‘ಕುಡಿದಿದ್ದಾನೆ’ ಎನ್ನದೆ ‘ಬಾಯಿಂದ ಮದ್ಯದ ವಾಸನೆ, ಮಾತು ತೊದಲು’ ಎಂದು ಬರೆಯಿರಿ. ಹೊಟ್ಟೆ ತೊಳೆದ ಸ್ಯಾಂಪಲ್, ಬಟ್ಟೆಬರೆ ಯಾರ ಕೈಗೆ, ಎಷ್ಟು ಹೊತ್ತಿಗೆ ಕೊಟ್ಟಿರಿ ಎನ್ನುವುದಕ್ಕೆ ಸಹಿ ಪಡೆಯಿರಿ. ಕೇಸ್ ಶೀಟ್ ವಾರ್ಡಿನಲ್ಲೇ ಉಳಿಯುವ ಕಾಗದ ಅಲ್ಲ. ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ.

ಫೋನಿನ ಆದೇಶ, ತಪ್ಪು ತಿದ್ದುವುದು

ಫೋನಿನಲ್ಲಿ ಬಂದ ಆದೇಶವನ್ನು ಕೇಳುತ್ತಲೇ ಬರೆದುಕೊಂಡು, ಓದಿ ಹೇಳಿ, ‘ಸರಿ’ ಎನಿಸಿಕೊಳ್ಳಿ. ಇಂಗ್ಲಿಷಿನ ಹದಿನೈದು ಮತ್ತು ಐವತ್ತು ಫೋನಿನಲ್ಲಿ ಒಂದೇ ಥರ ಕೇಳುತ್ತವೆ, ಅಂಕಿಗಳನ್ನು ಬಿಡಿಸಿ ‘ಒಂದು, ಐದು’ ಎಂದು ಕೇಳಿ. ಯಾರ ಆದೇಶ, ಎಷ್ಟು ಹೊತ್ತಿಗೆ ಎಂದು ಬರೆದು, ಡಾಕ್ಟರ್ ವಾರ್ಡಿಗೆ ಬಂದ ಕೂಡಲೇ ಸಹಿ ಹಾಕಿಸಿ. ಜೇಬಿನ ಹಾಳೆಯಲ್ಲಿ ಅದಕ್ಕೂ ಒಂದು ಖಾಲಿ ಚೌಕ.

ತಪ್ಪಾದರೆ ವೈಟ್ನರ್ ಮುಟ್ಟಬೇಡಿ, ಗೀಚಿ ಹಾಕಬೇಡಿ, ಹಾಳೆ ಹರಿಯಬೇಡಿ. ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ, ಸಮಯ. ಬಿಟ್ಟುಹೋದದ್ದನ್ನು ಎರಡು ಸಾಲಿನ ನಡುವೆ ತುರುಕದೆ, ‘ತಡವಾದ ದಾಖಲು’ ಎಂದು ಈಗಿನ ಸಮಯ ಹಾಕಿ, ಘಟನೆ ನಡೆದ ಸಮಯವನ್ನೂ ಹೇಳಿ ಕೆಳಗೆ ಬರೆಯಿರಿ. ಬೇರೆಯವರ ಬದಲು ಸಹಿ ಹಾಕುವುದು, ಮಾಡಲಿರುವುದನ್ನು ಮುಂಚೆಯೇ ಬರೆದಿಡುವುದು ಎಷ್ಟೇ ಸಲಿಗೆಯಿದ್ದರೂ ಬೇಡ.

ಬೆಂಗಳೂರಿಗೆ ಕಳಿಸುವಾಗ

ಕೋಲಾರದಿಂದ ಬೆಂಗಳೂರಿನ ದೊಡ್ಡಾಸ್ಪತ್ರೆ ಮುಟ್ಟಲು ಟ್ರಾಫಿಕ್ ಸೇರಿ ಎರಡು ಗಂಟೆಯಾದರೂ ಆಗಬಹುದು. ಆ ದಾರಿಯಲ್ಲಿ ರೋಗಿಯ ಪರವಾಗಿ ಮಾತಾಡುವುದು ನಿಮ್ಮ ಒಂದು ಹಾಳೆ ಮಾತ್ರ. ಹೊರಡುವ ಹೊತ್ತಿನ ವೈಟಲ್ಸ್, ಕೊಟ್ಟ ಪ್ರತಿ ಔಷಧದ ಪ್ರಮಾಣ ಮತ್ತು ಕೊನೆಯ ಡೋಸಿನ ಸಮಯ ಬೇಕೇ ಬೇಕು. ಎದೆನೋವಿನವರಾದರೆ ಇ.ಸಿ.ಜಿ. ತೆಗೆದ ಸಮಯ, ಆಸ್ಪಿರಿನ್ ಕೊಟ್ಟ ಸಮಯ, ಹೆಪ್ಪು ಕರಗಿಸುವ ಇಂಜೆಕ್ಷನ್ ಆಗಿದ್ದರೆ ಅದರ ಸಮಯ. ಕೀಟನಾಶಕ ಕುಡಿದವರಾದರೆ ಇದುವರೆಗೆ ಆ ವಿಷಕ್ಕೆ ಕೊಟ್ಟ ಅಟ್ರೋಪಿನ್ ಒಟ್ಟು ಎಷ್ಟು ಮಿ.ಗ್ರಾಂ, ಕಣ್ಣಿನ ಪಾಪೆ ಹೇಗಿದೆ, ಎದೆಯಲ್ಲಿ ಗೊರಗೊರ ಇದೆಯಾ, ಡಬ್ಬಿಯ ಹೆಸರೇನು. ಡಬ್ಬಿಯನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸುವಂತಿದ್ದರೆ ಇನ್ನೂ ಒಳ್ಳೆಯದು. ಎಂ.ಎಲ್.ಸಿ. ನಿಯಮದಂತೆ ಪೊಲೀಸರಿಗೆ ಕೊಡಬೇಕಿದ್ದರೆ ಲೇಬಲ್ಲಿನ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ.

ಓವರ್ ಕೊಡುವುದು

ಮುಗಿಯಲು ನಲವತ್ತು ನಿಮಿಷ ಇರುವಾಗ ಜೇಬಿನ ಹಾಳೆ ಬಿಡಿಸಿ ಒಂಟಿ ಗೆರೆಗಳನ್ನು ಹುಡುಕಿ. ಗಂಟೆಗೊಮ್ಮೆ ಇಳಿಸುತ್ತ ಬಂದಿದ್ದರೆ ಐದಾರಕ್ಕಿಂತ ಹೆಚ್ಚಿರುವುದಿಲ್ಲ. ಅವನ್ನು ಮುಗಿಸಿ, ಯೂರಿನ್ ಬ್ಯಾಗ್ ಅಳೆದು, ಇನ್‌ಟೇಕ್ ಕೂಡಿಸಿ.

ಬೆಡ್ ನಂಬರಿನ ಕ್ರಮದಲ್ಲಿ ನಡೆಯುವ ಮೊದಲು, ಈ ಕ್ಷಣ ಹೆಚ್ಚು ಗಮನ ಬೇಕಾದ ಇಬ್ಬರು ಮೂವರನ್ನು ಹೇಳಿಬಿಡಿ. ಒಬ್ಬೊಬ್ಬರಿಗೂ ಒಂದೇ ಸರಣಿ: ಯಾರು ಮತ್ತು ಯಾಕೆ ಇದ್ದಾರೆ, ಇವತ್ತು ಏನು ಬದಲಾಯಿತು, ಈಗ ಹೇಗಿದ್ದಾರೆ, ನೀವು ಏನು ಮಾಡಬೇಕು. ‘ಹನ್ನೊಂದನೇ ಬೆಡ್ಡು, ಆವಲಹಳ್ಳಿಯ ನಾರಾಯಣಪ್ಪ, ಹಾವು ಕಡಿತ ಎರಡನೇ ದಿನ. ಊತ ಮೊಣಕಾಲಿಗೆ ನಿಂತಿದೆ, ಬೆಳಗಿನ ಗೆರೆ ದಾಟಿಲ್ಲ. ಮೂತ್ರ ಆರು ಗಂಟೆಯ ಪಾಳಿಯಲ್ಲಿ 240 ಮಿ.ಲೀ. ಹೆಪ್ಪು ಪರೀಕ್ಷೆ 15.30ಕ್ಕೆ ಬಾಕಿ.’ ಹುಷಾರಾಗಿರುವವರಿಗೆ ಇಪ್ಪತ್ತು ಸೆಕೆಂಡು ಸಾಕು. ಉಳಿದ ಸಮಯ ಹುಷಾರಿಲ್ಲದವರಿಗಿರಲಿ. ಬಾಕಿ ಕೆಲಸವನ್ನು ಬಾಯಲ್ಲಿ ಹೇಳಿದ್ದಲ್ಲದೆ ಓವರ್ ಪುಸ್ತಕಕ್ಕೂ ಬರೆಯಿರಿ, ಮುಂದಿನವರು ನಿಮ್ಮೆದುರೇ ಓದಿ ಸಹಿ ಹಾಕಲಿ.

ಜೇಬಿನ ಹಾಳೆ ಕೇಸ್ ಶೀಟಿನ ಭಾಗವಲ್ಲ, ಮನೆಗೆ ಹೋಗುವ ವಸ್ತುವೂ ಅಲ್ಲ. ಅದರಲ್ಲಿ ಮೂವತ್ತು ಜನರ ಹೆಸರು, ಕಾಯಿಲೆ ಇದೆ. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಕ್ಷರ ಕೂಡದಂತೆ ಸಣ್ಣಗೆ ಹರಿದು ಕಾಗದದ ಕಸಕ್ಕೆ ಹಾಕಿ. ರಕ್ತವೋ ವಾಂತಿಯೋ ತಾಗಿದ್ದರೆ ಹಳದಿ ಚೀಲಕ್ಕೆ.